ಹಂಪೆ ಬಜಾರು: ಕಂಬಗಳ ನಡುವಿನ ಬದುಕು ಪತ್ತೆಯಾದ ಬಗೆ

1915ರ ಜನವರಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರಿನ ಜಾಡು ಹಿಡಿದು ಗುಡ್ಡ ಸುತ್ತುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಬಂಡೆಯೊಂದರ ಮೇಲೆ ಹಳೆಯ ಬರಹ ಕಂಡಿತು. ಓದಿದವರಿಗೆ ಅದರಲ್ಲಿ ಅಶೋಕನ ಹೆಸರೇ ಸಿಕ್ಕಿತು. ದೇಶದ ತುಂಬ ಬಂಡೆ, ಕಂಬಗಳ ಮೇಲೆ ‘ದೇವಾನಾಂಪ್ರಿಯ’ ಎಂದು ಬರೆಸಿದ ಅರಸ ಯಾರೆಂಬ ಪ್ರಶ್ನೆಗೆ ಮಸ್ಕಿಯ ಬಂಡೆ ಉತ್ತರ ಕೊಟ್ಟಿತು. ಅರಕೇರಾ, ದೇವದುರ್ಗ, ಮಾನ್ವಿ ಕಡೆ ಶಾಲೆ ಕಲಿತವರಿಗೆ ಶೋಧ ಅಂದಕೂಡಲೇ ನೆನಪಾಗುವುದು ಇದೇ ಕತೆ: ಒಂದು ದಿನ, ಒಬ್ಬ ಮನುಷ್ಯ, ಒಂದು ಬಂಡೆ.

ತುಂಗಭದ್ರೆಯ ಆಚೆ ದಂಡೆಯ ಹಂಪೆಯಲ್ಲಿ ನಡೆದ ಇನ್ನೊಂದು ಶೋಧಕ್ಕೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಅದರಲ್ಲಿ ಪಾಲು ಪಡೆದವರು ಒಬ್ಬಿಬ್ಬರಲ್ಲ. ನಕ್ಷೆ ಬರೆಯುವ ಸೇನಾಧಿಕಾರಿ, ಶಾಸನ ಓದುವ ಜರ್ಮನ್ ವಿದ್ವಾಂಸ, ಹಸ್ತಪ್ರತಿ ತೆಗೆದ ಪೋರ್ಚುಗೀಸ್ ಪಂಡಿತ, ಛಾಯಾಗ್ರಾಹಕರು, ಗುದ್ದಲಿ ಹಿಡಿದ ಕೂಲಿಕಾರರು, ಎಲ್ಲರೂ ಒಂದೊಂದು ತುಂಡು ಕೂಡಿಸಿದರು. ಕೊನೆಯಲ್ಲಿ ಬಿಡಿಸಿಕೊಂಡದ್ದು ತೀರ ಸಾದಾ ಪ್ರಶ್ನೆ. ವಿರೂಪಾಕ್ಷನ ಗುಡಿಯ ಮುಂದಿರುವ ಕಲ್ಲಿನ ಅಂಗಡಿ ಸಾಲು ಯಾತಕ್ಕೆ ಬಳಕೆಯಾಗುತ್ತಿತ್ತು? ಆ ಬಳಕೆ ಕಾಲಕಾಲಕ್ಕೆ ಹೇಗೆ ಬದಲಾಯಿತು?

ಹಂಪೆ ನಮಗೆ ಪರಊರಲ್ಲ. ನದಿಯ ಈಚೆ ದಂಡೆಯ ಆನೆಗೊಂದಿ ಇರುವ ಗಂಗಾವತಿ ತಾಲೂಕು 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿಯೇ ವಿಜಯನಗರದವರೂ ಬಹಮನಿಗಳೂ ಅವರ ನಂತರ ವಿಜಾಪುರದವರೂ ತಲೆಮಾರುಗಟ್ಟಲೆ ಬಡಿದಾಡಿದರು. ಹಂಪೆ ಬಜಾರಿನ ಕತೆ ನಮ್ಮ ಬಜಾರುಗಳಿಗೂ ಒಂದು ಪಾಠ ಹೇಳುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕಲ್ಲು ಹೇಳಿದಷ್ಟು

ಮೊದಲು ಕಟ್ಟಡವನ್ನೇ ನೋಡೋಣ. ಗುಡಿಯ ಪೂರ್ವದ ಗೋಪುರದಿಂದ ಹೊರಟ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ನೇರವಾಗಿ ಹೋಗಿ, ಮಾತಂಗ ಬೆಟ್ಟದ ಮಗ್ಗುಲಲ್ಲಿ ಒಂದೇ ಬಂಡೆಯ ದೊಡ್ಡ ಬಸವಣ್ಣನ ಬಳಿ ಮುಗಿಯುತ್ತದೆ. ಬೀದಿಯ ಎರಡೂ ಬದಿಗೆ ಸಾಲು ಮಂಟಪ. ಕಟ್ಟೆಯ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಕಲ್ಲಿನ ಚಪ್ಪಡಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಕೆಲವು ಕಡೆ ಮೇಲೊಂದು ಅಂತಸ್ತು ಇದೆ. ತೇರು ಎಳೆಯಲು ಬೇಕಾದಷ್ಟು ಅಗಲವನ್ನು ನಡುವೆ ಬಿಟ್ಟಿದ್ದಾರೆ.

ಈ ಸಾಲಿನ ಪೂರ್ವದ ತುದಿಯಲ್ಲಿ ಎರಡಂತಸ್ತಿನ ಒಂದು ಮಂಟಪ ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ. ಅದರ ಕೆಲವು ಕಂಬಗಳು ಹಂಪೆಯ ಒರಟು ಬಿಳಿಗಲ್ಲಿನವಲ್ಲ. ಕಪ್ಪು ಕಲ್ಲಿನಲ್ಲಿ ನುಣುಪಾಗಿ ಕಡೆದವು. ಅವು ಕಲ್ಯಾಣದ ಚಾಲುಕ್ಯರ ಕಾಲದ ಶೈಲಿಯವು, ಇನ್ನೂ ಹಳೆಯ ಗುಡಿಯೊಂದರಿಂದ ತಂದು ನಿಲ್ಲಿಸಿರಬೇಕು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಈ ಬಜಾರು ಕಟ್ಟುವಾಗಲೇ ಅದರ ಕಲ್ಲುಗಳಲ್ಲಿ ಕೆಲವು ಇನ್ನೊಂದು ಜನ್ಮ ಮುಗಿಸಿ ಬಂದಿದ್ದವು. ಹಳೆಯದನ್ನು ತಂದು ಹೊಸ ಕೆಲಸಕ್ಕೆ ಹಚ್ಚುವುದು ಈ ಬೀದಿಯ ಹುಟ್ಟುಗುಣ.

ಕಲ್ಲು ಹೇಳುವುದು ಅಲ್ಲಿಗೆ ಮುಗಿಯಿತು. ಅಂಗಡಿಯನ್ನು ಅಂಗಡಿ ಮಾಡುವ ವಸ್ತುಗಳು ಬೇರೆ: ಮರದ ಹಲಗೆ, ತಟ್ಟಿ, ಮಣ್ಣಿನ ಗೋಡೆ, ಹಾಸಿದ ಜಮಖಾನೆ, ತಕ್ಕಡಿ, ಲೆಕ್ಕದ ಕಡತ. ಇವು ಬೆಂಕಿಗೆ, ಮಳೆಗೆ, ಗೆದ್ದಲಿಗೆ ಹೋದವು. 1565ರ ಜನವರಿಯ ಯುದ್ಧದಲ್ಲಿ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ಸತ್ತ ಮೇಲೆ, ಅದರ ರಾಜಧಾನಿಯಾಗಿದ್ದ ಈ ಪಟ್ಟಣ ಹಾಳಾಯಿತು. ರಾಜಧಾನಿ ಪೆನುಗೊಂಡೆಗೆ ಹೋಯಿತು. ವ್ಯಾಪಾರಿಗಳು ರಾಜನ ಹಿಂದೆ, ಗಿರಾಕಿಗಳ ಹಿಂದೆ ಹೋದರು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ. ಚೈತ್ರದ ತೇರು, ಫಲಪೂಜೆಯ ಜಾತ್ರೆ ಮುಂದುವರಿದವು. ಹಂಪೆಯ ಉಳಿದ ಬಜಾರುಗಳಿಗೆ ಇಲ್ಲದ ಭಾಗ್ಯ ಈ ಒಂದು ಬಜಾರಿಗೆ ಸಿಕ್ಕಿದ್ದು ಇದರಿಂದ. ಎದುರಿನ ಗುಡಿಯಲ್ಲಿ ದೀಪ ಇದ್ದುದರಿಂದ ಬೀದಿಯಲ್ಲಿ ಜನರ ಸುಳಿವು ಪೂರ್ತಿ ಆರಲಿಲ್ಲ.

1799ರ ಸುಮಾರಿಗೆ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಸೇನಾಧಿಕಾರಿ ಇಲ್ಲಿಗೆ ಬಂದ. ಮುಂದೆ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಈತನೇ. ಹಾಳುಬಿದ್ದ ಪಟ್ಟಣದ ಮೊದಲ ನಕ್ಷೆ ಇವನ ಕಾಲದಲ್ಲಿ ತಯಾರಾಯಿತು. ಗುಡಿಗಳ ಮುಂದೆ ಉದ್ದಕ್ಕೆ ಚಾಚಿದ ಬೀದಿಗಳು ಆಗ ಕಾಗದದ ಮೇಲೆ ಸಾಲಾಗಿ ಕಂಡವು. ವಿರೂಪಾಕ್ಷನ ಮುಂದೊಂದು, ಕೃಷ್ಣನ ಗುಡಿಯ ಮುಂದೊಂದು, ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಮುಂದೊಂದು, ವಿಠ್ಠಲನ ಮುಂದೊಂದು. ರೂಪ ಗೊತ್ತಾಯಿತು. ಒಳಗಿನ ಬದುಕು ಇನ್ನೂ ಕತ್ತಲೆಯಲ್ಲೇ ಇತ್ತು.

ಅಕ್ಷರಗಳು ಹೇಳಿದ್ದು

ಮುಂದಿನ ತುಂಡು ಸಿಕ್ಕಿದ್ದು ಶಾಸನದಲ್ಲಿ. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದ ಯೂಜೆನ್ ಹುಲ್ಚ್ 1890ರಲ್ಲಿ ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಅದರಲ್ಲಿ ಹಂಪೆಯ ಪಾರ್ಶ್ವನಾಥ ಚೈತ್ಯಾಲಯದ ಶಾಸನವೂ ಇದೆ. 1426ರಲ್ಲಿ ಇಮ್ಮಡಿ ದೇವರಾಯ ಈ ಜಿನಾಲಯವನ್ನು ಕಲ್ಲಿನಲ್ಲಿ ಕಟ್ಟಿಸಿದ ಎಂದು ಅದು ತಿಳಿಸುತ್ತದೆ. ನಮಗೆ ಬೇಕಾದ ಸಂಗತಿ ಅದರ ವಿಳಾಸದಲ್ಲಿದೆ: ಎಲೆ ಅಡಿಕೆ ಮಾರುವ ಬೀದಿಯಲ್ಲಿ. ಹಜಾರರಾಮನ ಗುಡಿಯ ಕಡೆಯಿಂದ ಈಶಾನ್ಯಕ್ಕೆ ಹೋಗುವ ದಾರಿಯನ್ನು ಇಂದು ಪಾನ್ ಸುಪಾರಿ ಬಜಾರ್ ಎಂದು ಕರೆಯುವುದಕ್ಕೆ ಆಧಾರ ಇದೇ.

ಈ ಒಂದು ವಿಳಾಸದಿಂದ ಎರಡು ಸಂಗತಿ ಹೊರಬಿದ್ದವು. ಪಟ್ಟಣದ ಬೀದಿಗಳಿಗೆ ಸರಕಿನಿಂದಲೇ ಹೆಸರು ಬರುವಷ್ಟು ವ್ಯಾಪಾರ ಬೇರೆಬೇರೆಯಾಗಿ ಹಂಚಿಕೊಂಡಿತ್ತು. ಜೊತೆಗೆ ರಾಜನೇ ಕಟ್ಟಿಸುವ ಜಿನಾಲಯಕ್ಕೆ ಅಂಗಡಿಗಳ ನಡುವಿನ ಜಾಗ ತಕ್ಕದ್ದು ಎಂದು ಆ ಕಾಲದವರು ಎಣಿಸಿದ್ದರು. ವ್ಯಾಪಾರಿಗಳಲ್ಲಿ ಜೈನರು ಬಹಳ ಇದ್ದ ನಾಡಿನಲ್ಲಿ ಇದು ಸಹಜವೇ.

1443ರಲ್ಲಿ ಹೆರಾತಿನ ತೈಮೂರಿ ಅರಸ ಶಾಹರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಅದೇ ದೇವರಾಯನ ಪಟ್ಟಣವನ್ನು ಕಣ್ಣಾರೆ ಕಂಡು ಪಾರ್ಸಿಯಲ್ಲಿ ಬರೆದಿಟ್ಟ. ಒಂದೊಂದು ಕಸುಬಿನವರ ಅಂಗಡಿಗಳು ಒಂದರ ಪಕ್ಕ ಒಂದು ಇದ್ದವು. ಮುತ್ತು, ಮಾಣಿಕ್ಯ, ವಜ್ರಗಳನ್ನು ಬೀದಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರು. ಗುಲಾಬಿ ಹೂ ಎಲ್ಲೆಲ್ಲೂ ಸಿಗುತ್ತಿತ್ತು; ಊಟದಷ್ಟೇ ಅದೂ ಇಲ್ಲಿಯವರಿಗೆ ಬೇಕು ಎಂದು ಅವನಿಗೆ ಅನಿಸಿತು.

ಎಲ್ಲಕ್ಕಿಂತ ದೊಡ್ಡ ತುಂಡು ಬಂದದ್ದು ಪ್ಯಾರಿಸ್ಸಿನಿಂದ. ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪೋರ್ಚುಗೀಸ್ ಭಾಷೆಯ ಒಂದು ಹಸ್ತಪ್ರತಿ ಇತ್ತು. ಪ್ರವಾಸಿ ಡೊಮಿಂಗೊ ಪಾಯೆಸ್ ಮತ್ತು ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದ ವಿಜಯನಗರದ ವೃತ್ತಾಂತಗಳು ಅದರಲ್ಲಿದ್ದವು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲ್ ಅವುಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಸೇರಿಸಿದರು. ಮುನ್ನೂರೈವತ್ತು ವರ್ಷ ಮಾತಿಲ್ಲದೆ ನಿಂತಿದ್ದ ಕಲ್ಲಿನ ಸಾಲಿಗೆ ಅಲ್ಲಿಗೆ ಸಾಕ್ಷಿ ಸಿಕ್ಕಂತಾಯಿತು.

ಈ ಪಾಯೆಸ್‌ಗೂ ರಾಯಚೂರಿಗೂ ನಂಟಿದೆ. ಅವನು ಹಂಪೆಗೆ ಬಂದದ್ದು ಕ್ರಿಸ್ತೊವಾವೊ ದ ಫಿಗೆರೆಡೊ ಎಂಬವನ ಜೊತೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕುದುರೆ ಮಾರಲು ಬಂದಿದ್ದ ಈ ಫಿಗೆರೆಡೊ ತನ್ನ ಇಪ್ಪತ್ತು ಬಂದೂಕುಗಾರರೊಡನೆ ರಾಯನ ಪರವಾಗಿ ನಿಂತ. ಕೋಟೆಗೋಡೆಯ ಮೇಲಿಂದ ಇಣುಕಿದವರನ್ನು ಅವರು ಗುರಿಯಿಟ್ಟು ಹೊಡೆಯುತ್ತಿದ್ದಂತೆ, ಕೆಳಗೆ ಗೋಡೆ ಕೆಡಹುವವರಿಗೆ ದಾರಿ ಸುಲಭವಾಯಿತು ಎಂದು ನೂನಿಜ್ ಬರೆದಿದ್ದಾನೆ. ನಮ್ಮ ಕೋಟೆಯ ಮೇಲೆ ಗುಂಡು ಹಾರಿಸಿದವನ ಜೊತೆಗಾರನೇ ಹಂಪೆಯ ಬಜಾರಿನ ವರ್ಣನೆ ಬರೆದವನು.

ಪಾಯೆಸ್ ಕಂಡ ಒಂದು ಅಗಲವಾದ ಬೀದಿಯಲ್ಲಿ ವ್ಯಾಪಾರಿಗಳ ಮನೆಗಳು ಸಾಲಾಗಿದ್ದವು. ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು, ಬಟ್ಟೆ ಅಲ್ಲಿ ಸಿಗುತ್ತಿದ್ದವು. ಸಂಜೆಯಾದರೆ ಅದೇ ಬೀದಿಯಲ್ಲಿ ಸಾದಾ ಕುದುರೆ, ತಟ್ಟುಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಯ, ಸೌದೆಗಳ ಸಂತೆ. ಶುಕ್ರವಾರ ಇನ್ನೊಂದು ಕಡೆ ಹಂದಿ, ಕೋಳಿ, ಕಡಲಿನಿಂದ ಬಂದ ಒಣಮೀನು. ಹೀಗೆ ದಿನಕ್ಕೊಂದು ಕಡೆ ಸಂತೆ ಕೂಡುತ್ತಿತ್ತು. ವಜ್ರ ಮಾರಿದ ನೆಲದ ಮೇಲೆ ಸಂಜೆ ಸೌದೆ ಮಾರುತ್ತಿದ್ದರೆಂದರೆ ಒಂದೇ ದಿನದಲ್ಲಿ ಜಾಗದ ಕೆಲಸ ಬದಲಾಗುತ್ತಿತ್ತು.

ವಿರೂಪಾಕ್ಷನ ಗುಡಿಯ ವಿಚಾರಕ್ಕೆ ಬಂದಾಗ ಪಾಯೆಸ್ ಬರೆದದ್ದು ಇನ್ನೂ ಮುಖ್ಯ. ಗುಡಿಯ ಮುಖ್ಯ ಬಾಗಿಲ ಎದುರು, ಪೂರ್ವಕ್ಕೆ, ಚೆಂದದ ಬೀದಿ ಇದೆ. ಅದರಲ್ಲಿ ಪಡಸಾಲೆ, ಮೊಗಸಾಲೆಗಳಿರುವ ಮನೆಗಳಿವೆ. ದೂರದಿಂದ ಬಂದ ಯಾತ್ರಿಕರು ಅಲ್ಲಿ ಇಳಿದುಕೊಳ್ಳುತ್ತಾರೆ. ದೊಡ್ಡವರು ಇಳಿಯಲು ಬೇರೆ ಮನೆಗಳಿವೆ. ರಾಜನೂ ಗುಡಿಗೆ ಬಂದಾಗ ಇದೇ ಬೀದಿಯ ಅರಮನೆಯಲ್ಲಿ ಉಳಿಯುತ್ತಾನೆ. ಅವನ ಮಾತಿನ ಸಾರ ಇಷ್ಟು.

ಈ ಕೆಲವು ಸಾಲುಗಳನ್ನು ಓದಿದ ಮೇಲೆ ಕಲ್ಲಿನ ಮಂಟಪಗಳ ಅರ್ಥವೇ ಬದಲಾಗುತ್ತದೆ. ಬಜಾರು ಎಂದ ಮಾತ್ರಕ್ಕೆ ಅದು ಬರೀ ಮಳಿಗೆಗಳ ಸಾಲು ಎಂದು ನಾವು ತಿಳಿಯುತ್ತೇವೆ. ಪಾಯೆಸ್‌ನ ಕಾಲದಲ್ಲಿ ಅದು ಛತ್ರವೂ ಹೌದು, ವಾಸದ ಮನೆಯೂ ಹೌದು, ರಾಜನ ಬಿಡಾರವೂ ಹೌದು, ತೇರಿನ ದಾರಿಯೂ ಹೌದು. ಮೂಲದಲ್ಲಿ ಒಂದೇ ಬಳಕೆ ಇತ್ತು, ಆಮೇಲೆ ಅದು ಕೆಟ್ಟು ಹಲವಾಯಿತು ಎಂಬ ಎಣಿಕೆಗೆ ಇಲ್ಲಿ ನೆಲೆ ಇಲ್ಲ. ಹಲವು ಬಳಕೆಗೆಂದೇ ಹುಟ್ಟಿದ ಕಟ್ಟಡ ಇದು.

ಚಿತ್ರ ಮತ್ತು ಗುದ್ದಲಿ

ಅಕ್ಷರ ಸಿಕ್ಕ ಮೇಲೆ ನೋಟವೂ ಬೇಕಿತ್ತು. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಕಟ್ಟಡಗಳ ಛಾಯಾಚಿತ್ರ ತೆಗೆದಿದ್ದರು. ಮೇಣ ಹಚ್ಚಿದ ಕಾಗದದ ಮೇಲೆ ದೊಡ್ಡ ಅಳತೆಯ ನೆಗೆಟಿವ್‌ಗಳು. ಬಿಸಿಲ ನಾಡಿನಲ್ಲಿ ಆ ಕಾಲದ ರಾಸಾಯನಿಕಗಳನ್ನು ಹೊತ್ತು ಬಂಡೆಗಳ ನಡುವೆ ಓಡಾಡಿ ತೆಗೆದ ಚಿತ್ರಗಳು ಅವು. ನಂತರ ಅವು ಕಣ್ಮರೆಯಾದವು. ಮತ್ತೆ ಬೆಳಕಿಗೆ ಬಂದದ್ದು 1980ರ ಸುಮಾರಿಗೆ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಕ್ಯಾಮೆರಾ ಇಟ್ಟರು.

ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು, ಯಾರು ಏನನ್ನು ತೆಗೆದರು ಎಂಬುದೆಲ್ಲ ತಿಳಿಯುತ್ತದೆ. ವಿಠ್ಠಲನ ಗುಡಿಯ ಕಲ್ಲಿನ ತೇರಿನ ಮೇಲೆ ಇಟ್ಟಿಗೆಯ ಶಿಖರ ಇತ್ತು ಎಂಬುದು ಗ್ರೀನ್‌ಲಾ ಚಿತ್ರದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಇಂದು ಐವತ್ತು ರೂಪಾಯಿ ನೋಟಿನ ಮೇಲೆ ನಾವು ಕಾಣುವ ತೇರಿಗೆ ಆ ಶಿಖರ ಇಲ್ಲ. ಕಲ್ಲಿನ ಕಟ್ಟಡ ಎಂದು ನಾವು ಕರೆಯುವುದರ ಮೇಲೆ ಇಟ್ಟಿಗೆ, ಗಾರೆ, ಬಣ್ಣಗಳ ಇನ್ನೊಂದು ಕಟ್ಟಡವೇ ಇದ್ದಿತು. ಹಂಪೆಯ ಬಹುಪಾಲು ಮನೆ, ಅರಮನೆಗಳಲ್ಲಿ ಉಳಿದದ್ದು ಕಲ್ಲಿನ ಅಡಿಪಾಯ ಅಷ್ಟೆ. ಮೇಲಿನ ಮರ, ಇಟ್ಟಿಗೆ ಹೋಗಿವೆ. ಬಜಾರಿನ ಬೋಳು ಕಂಬಗಳನ್ನು ನೋಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಗುದ್ದಲಿಯ ಕೆಲಸ ದೊಡ್ಡದಾಗಿ ಶುರುವಾದದ್ದು 1970ರ ದಶಕದಲ್ಲಿ. ಒಂದು ಕಡೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ಇನ್ನೊಂದು ಕಡೆ ಎಂ.ಎಸ್. ನಾಗರಾಜರಾವ್ ಅವರ ನೇತೃತ್ವದಲ್ಲಿ ಕರ್ನಾಟಕದ ಪುರಾತತ್ವ ಇಲಾಖೆ ಅಗೆತ ಹಿಡಿದವು. 1980ರಿಂದ ವಿದ್ವಾಂಸರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಇಡೀ ಪಟ್ಟಣವನ್ನು ಅಳೆದು, ಗೋಡೆ, ಬಾವಿ, ಕಟ್ಟೆ, ಸಣ್ಣ ಗುಡಿಗಳನ್ನೂ ಬಿಡದೆ ದಾಖಲಿಸುವ ಕೆಲಸಕ್ಕೆ ಕೂತರು. ಅವರ ತಂಡಗಳು ವರ್ಷಗಟ್ಟಲೆ ಬಂದು ದುಡಿದವು. ಉತ್ಖನನದಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕವು. ಕಡಲಾಚೆಯ ಸರಕು ಇಲ್ಲಿಯವರೆಗೆ ಬರುತ್ತಿತ್ತೆಂಬ ಪ್ರವಾಸಿಗರ ಮಾತಿಗೆ ಮಣ್ಣೇ ಸಾಕ್ಷಿ ನುಡಿಯಿತು.

ಕೃಷ್ಣನ ಗುಡಿಯ ಮುಂದಿನ ಬಜಾರಿನ ಕತೆ ಇನ್ನೂ ವಿಶೇಷ. ಉದಯಗಿರಿ ಗೆದ್ದ ಕೃಷ್ಣದೇವರಾಯ ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗೆ ಕಟ್ಟಿಸಿದ ಗುಡಿ ಅದು. ಅದರ ಎದುರಿನ ಬೀದಿಯ ನೆಲ ಬಾಳೆ ತೋಟವಾಗಿತ್ತು. ಈಚಿನ ದಶಕಗಳಲ್ಲಿ ಮಣ್ಣು ತೆಗೆದಾಗ ಸಾಲು ಮಂಟಪಗಳು ಬುಡದವರೆಗೆ ಹೊರಬಂದವು, ಪಕ್ಕದ ಪುಷ್ಕರಣಿಯೊಡನೆ ಇಡೀ ಬಜಾರಿನ ವಿನ್ಯಾಸ ಕಂಡಿತು. ಪೇಟೆ ಹೊಲವಾಗಿತ್ತು, ಹೊಲ ಮತ್ತೆ ಪೇಟೆಯ ರೂಪಕ್ಕೆ ಬಂತು. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಮೆಣಸಿನಕಾಯಿ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದದ್ದನ್ನು ಕಂಡ ಮಾನ್ವಿ, ಸಿಂಧನೂರು ಸೀಮೆಯವರಿಗೆ ನೆಲದ ಇಂಥ ಬದಲಾವಣೆ ಹೊಸದೇನಲ್ಲ.

ಕೊನೆಯ ಪದರ

ಇಷ್ಟು ಹೊತ್ತಿಗೆ ವಿರೂಪಾಕ್ಷ ಬಜಾರಿನಲ್ಲಿ ಇನ್ನೊಂದು ಬದುಕು ಬೇರು ಬಿಟ್ಟಿತ್ತು. ಇಪ್ಪತ್ತನೆಯ ಶತಮಾನದ ನಡುವಿನಿಂದ ಬಡ ಕುಟುಂಬಗಳು ಒಂದೊಂದಾಗಿ ಬಂದು ಮಂಟಪಗಳಲ್ಲಿ ನೆಲೆಸಿದವು. ಕಂಬಗಳ ನಡುವೆ ಗೋಡೆ ಎದ್ದಿತು. ಮುಂದಿನ ಅಂಕಣ ಅಂಗಡಿ, ಹಿಂದಿನ ಅಂಕಣ ಅಡುಗೆಮನೆ. ಹೂ, ಕಾಯಿ, ಕರ್ಪೂರ ಮಾರುವವರ ಪಕ್ಕ ಇಡ್ಲಿ ಹೋಟೆಲು, ಅದರ ಪಕ್ಕ ಪುಸ್ತಕದಂಗಡಿ, ಬಟ್ಟೆಯಂಗಡಿ, ಟೆಲಿಫೋನ್ ಬೂತು. 1986ರಲ್ಲಿ ಯುನೆಸ್ಕೊ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶವಿದೇಶದ ಪ್ರವಾಸಿಗರು ಹೆಚ್ಚಿದರು. ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವುದರಿಂದ ಆರಂಭವಾದದ್ದು ಗೆಸ್ಟ್‌ಹೌಸುಗಳಾಗಿ ಬೆಳೆಯಿತು.

ಇದನ್ನು ಪಾಯೆಸ್‌ನ ಸಾಲುಗಳ ಜೊತೆ ಇಟ್ಟು ಓದಿ ನೋಡಿ. 1520ರ ಸುಮಾರಿಗೆ ಯಾತ್ರಿಕರು ಇಳಿದುಕೊಳ್ಳುತ್ತಿದ್ದ ಬೀದಿಯಲ್ಲೇ 2000ದ ಸುಮಾರಿಗೆ ಪ್ರವಾಸಿಗರು ಇಳಿದುಕೊಳ್ಳುತ್ತಿದ್ದರು. ಕೆಳಗೆ ವ್ಯಾಪಾರ, ಹಿಂದೆ ವಾಸ, ಪಕ್ಕದಲ್ಲಿ ಬಂದವರಿಗೆ ಬಿಡಾರ, ನಡುವೆ ವರ್ಷಕ್ಕೊಮ್ಮೆ ತೇರು. ಆ ಕುಟುಂಬಗಳಲ್ಲಿ ಯಾರೂ ಪೋರ್ಚುಗೀಸರ ವೃತ್ತಾಂತ ಓದಿ ಹೀಗೆ ಮಾಡಲಿಲ್ಲ. ಗುಡಿ ಇದೆ, ಬೀದಿ ಇದೆ, ದೂರದಿಂದ ಜನ ಬರುತ್ತಾರೆ ಎಂಬ ಮೂರು ಸಂಗತಿಗಳೇ ಹಳೆಯ ಬಳಕೆಯನ್ನು ಮತ್ತೆ ಹುಟ್ಟಿಸಿದವು. ಪಂಡಿತರು ನಕ್ಷೆ, ಶಾಸನ, ಹಸ್ತಪ್ರತಿ, ಛಾಯಾಚಿತ್ರಗಳಿಂದ ಹುಡುಕಿದ ಉತ್ತರವನ್ನು ಈ ಜನ ಬದುಕಿ ತೋರಿಸಿದರು. ಈ ಇಡೀ ಶೋಧದಲ್ಲಿ ನನ್ನನ್ನು ಬಹಳ ತಟ್ಟಿದ ಸಂಗತಿ ಇದು.

ಇನ್ನೊಂದು ಬದಿಯ ಮಾತೂ ನ್ಯಾಯದ್ದೇ. ಹಳೆಯ ಕಂಬಕ್ಕೆ ಸಿಮೆಂಟು ಮೆತ್ತಿದರೆ, ತೊಲೆಗೆ ಮೊಳೆ ಹೊಡೆದರೆ, ಚಪ್ಪಡಿಯ ಮೇಲೆ ಕಾಂಕ್ರೀಟಿನ ಅಂತಸ್ತು ಏರಿಸಿದರೆ ಐನೂರು ವರ್ಷದ ಕಟ್ಟಡ ತಾಳುವುದಿಲ್ಲ. ಹೊಲಸು ನೀರಿಗೆ ದಾರಿ ಇಲ್ಲದ ಕಡೆ ಹೋಟೆಲು ಬೆಳೆದರೆ ಅಡಿಪಾಯವೂ ಕೆಡುತ್ತದೆ. ಹಂಪೆಯ ಸುತ್ತಲಿನ ಪ್ರದೇಶವನ್ನು ಕಾಯಲೆಂದು 2002ರ ಕಾಯಿದೆಯಡಿ ಬೇರೆ ಪ್ರಾಧಿಕಾರವೇ ಬಂತು. ಹೈಕೋರ್ಟಿನ ಆದೇಶದ ಬೆನ್ನಿಗೆ 2011ರ ಜುಲೈ 29ರಂದು ಬಜಾರಿನಲ್ಲಿ ಬುಲ್ಡೋಜರುಗಳು ಇಳಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಸಾಮಾನು ಹೊರಹಾಕಿಕೊಳ್ಳಲು ಅವರಿಗೆ ಸಿಕ್ಕ ಸಮಯ ಬಹಳ ಕಡಿಮೆ. ಬದಲಿ ನಿವೇಶನಗಳನ್ನು ತೋರಿಸಿದ್ದು ಕಡ್ಡಿರಾಂಪುರದ ಕಡೆ. ಗುಡಿಯಿಂದ ದೂರ, ಗಿರಾಕಿಗಳಿಂದ ದೂರ.

ಆ ದಿನ ಗೋಡೆಗಳ ಜೊತೆಗೆ ದಾಖಲೆಯೂ ಹೋಯಿತು. ಯಾವ ಅಂಕಣದಲ್ಲಿ ಯಾರು ಎಷ್ಟು ವರ್ಷ ಇದ್ದರು, ಯಾವ ಮಂಟಪ ಮೊದಲು ದನದ ಕೊಟ್ಟಿಗೆಯಾಗಿ, ಆಮೇಲೆ ಮನೆಯಾಗಿ, ಆಮೇಲೆ ಅಂಗಡಿಯಾಯಿತು ಎಂಬುದನ್ನು ಪದರಪದರವಾಗಿ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಬಹುದಿತ್ತು. ಪಿಂಗಾಣಿಯ ಒಂದು ಚೂರು ಸಿಕ್ಕರೆ ಅದು ಯಾವ ಪದರದ್ದು, ಎಷ್ಟು ಆಳದ್ದು ಎಂದು ಗುರುತು ಹಾಕಿಕೊಳ್ಳುವ ಶಾಸ್ತ್ರ ಪುರಾತತ್ವ. ಅದೇ ಶಾಸ್ತ್ರದ ಕಣ್ಣಿಗೆ ಎಲ್ಲಕ್ಕೂ ಮೇಲಿನ ಪದರ, ಜನ ಉಸಿರಾಡುತ್ತಿದ್ದ ಪದರ, ಕಸವಾಗಿ ಕಾಣಬಾರದಿತ್ತು.

2024ರ ಮೇ ತಿಂಗಳಲ್ಲಿ ಜೋರು ಮಳೆಗೆ ಇದೇ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಜನರನ್ನು ತೆರವು ಮಾಡಿದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಟ್ಟಡವನ್ನು ಕಾಯುವುದಕ್ಕೆ ಹಣ, ಕುಶಲ ಕೆಲಸಗಾರರು, ವರ್ಷವೂ ಮಾಡುವ ರಿಪೇರಿ ಬೇಕು. ಅದರ ಜೊತೆಗೆ ಕಟ್ಟಡಕ್ಕೆ ತಕ್ಕ ಒಂದು ಕೆಲಸವೂ ಬೇಕು. ಹಗುರವಾದ, ಕಲ್ಲಿಗೆ ನೋವಾಗದ, ಬೇಕೆಂದಾಗ ತೆಗೆಯಬಹುದಾದ ಕೆಲಸ. ಬೀದಿಯ ಪೂರ್ವದ ತುದಿಯ ಮಂಟಪದಲ್ಲಿ ಗ್ರೀನ್‌ಲಾ ತೆಗೆದ ಹಳೆಯ ಛಾಯಾಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟದ್ದು ಅಂಥ ಬಳಕೆಗೆ ಒಳ್ಳೆಯ ಮಾದರಿ. ನಮ್ಮ ರಾಯಚೂರಿನಲ್ಲೂ ಕೋಟೆಯ ನವರಂಗ ದರವಾಜಾ ವಸ್ತುಸಂಗ್ರಹಾಲಯವಾಗಿದೆ. ಕಾವಲು ಕಾಯುತ್ತಿದ್ದ ಬಾಗಿಲು ಇಂದು ಶಿಲ್ಪ, ಶಾಸನಗಳನ್ನು ಕಾಯುತ್ತಿದೆ.

ನಮ್ಮ ಬಜಾರುಗಳು

ಹಂಪೆಯ ಬಳಕೆಯನ್ನು ಹುಡುಕಲು ಅಷ್ಟು ಕಾಲ ಹಿಡಿದದ್ದು ಏಕೆ? ಅಲ್ಲಿ ಕೂತು ವ್ಯಾಪಾರ ಮಾಡಿದವರು ಯಾರೂ ತಮ್ಮ ಅಂಗಡಿಯ ಕತೆ ಬರೆದಿಡಲಿಲ್ಲ, ಬರೆದದ್ದೂ ಉಳಿಯಲಿಲ್ಲ. ಬರೆದವರು ಹೊರಗಿನಿಂದ ಬಂದವರು. ನಮ್ಮ ಊರುಗಳಲ್ಲಿ ಈಗಲೂ ಇದೇ ಸ್ಥಿತಿ.

1871ರಲ್ಲಿ ಬೊಂಬಾಯಿ ಕಡೆಯ ಹಳಿ, ಮದರಾಸು ಕಡೆಯ ಹಳಿ ರಾಯಚೂರಿನಲ್ಲಿ ಬಂದು ಕೂಡಿದವು. ಆಮೇಲೆ ಈ ಊರು ಹತ್ತಿ, ಶೇಂಗಾ, ಜೋಳದ ಪೇಟೆಯಾಗಿ ಬೆಳೆಯಿತು. ಕೋಟೆಯ ಊರು ಗಂಜಿನ ಊರಾಯಿತು. ಹತ್ತಿ ಅರೆಯುವ ಜಿನ್ನುಗಳು, ಅಡತಿ ಅಂಗಡಿಗಳು, ದಾಸ್ತಾನು ಮಾಡುವ ಗೋದಾಮುಗಳು ಎದ್ದವು. ದೇವದುರ್ಗ, ಮಾನ್ವಿಯ ಪೇಟೆಗಳಲ್ಲಿ, ಅರಕೇರಾದಂಥ ಊರುಗಳಲ್ಲಿ ಮಣ್ಣಿನ ಮಾಳಿಗೆ, ಕಲ್ಲಿನ ಕಟ್ಟೆ, ಮುಂದೆ ಅಂಗಡಿ, ಹಿಂದೆ ಮನೆ ಇರುವ ಕಟ್ಟಡಗಳು ಈಗ ಒಂದೊಂದಾಗಿ ಕಾಂಕ್ರೀಟಿಗೆ ಜಾಗ ಬಿಡುತ್ತಿವೆ. ಬೀಳುವುದೆಲ್ಲವನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಮಳೆಗೆ ಸೋರುವ ಮಾಳಿಗೆಯ ಕೆಳಗೆ ಕೂತು ವ್ಯಾಪಾರ ಮಾಡುವವರಿಗೆ ಗಟ್ಟಿ ಸೂರು ಬೇಕು. ಬೀಳುವ ಮುಂಚೆ ಅದರ ಬಳಕೆಯ ಕತೆಯನ್ನು ಬರೆದಿಟ್ಟುಕೊಳ್ಳೋಣ ಎಂಬುದು ನನ್ನ ಕಳಕಳಿ.

ಅದಕ್ಕೆ ಬೇಕಾದ ವಿಧಾನವನ್ನು ಹಂಪೆಯ ಶೋಧವೇ ಕಲಿಸಿಕೊಡುತ್ತದೆ. ಮೆಕೆಂಜಿ ಮಾಡಿದಂತೆ ಬೀದಿಯ ನಕ್ಷೆ ಬರೆಯಬಹುದು. ಟೇಪು ಹಿಡಿದು ಅಂಕಣ ಎಣಿಸಲು ಹೈಸ್ಕೂಲು ಮಕ್ಕಳೇ ಸಾಕು. ಹುಲ್ಚ್ ಮಾಡಿದಂತೆ ಅಕ್ಷರ ಓದಬಹುದು: ಬಾಗಿಲ ಮೇಲೆ ಕೆತ್ತಿದ ಇಸವಿ, ಹಳೆಯ ಬೋರ್ಡು, ಪುರಸಭೆ ಪಂಚಾಯಿತಿಗಳ ತೆರಿಗೆ ರಜಿಸ್ಟರು, ಬಾಡಿಗೆ ಕರಾರು. 1948ರವರೆಗೆ ನಾವು ನಿಜಾಮರ ಆಡಳಿತದಲ್ಲಿ ಇದ್ದುದರಿಂದ ಹಳೆಯ ಸರ್ಕಾರಿ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಕೈಬರಹದ ಆ ಉರ್ದುವನ್ನು ಸಲೀಸಾಗಿ ಓದುವ ಹಿರಿಯರು ನಮ್ಮ ನಡುವೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಹತ್ತು ವರ್ಷ ಮುಂದೂಡಿದರೆ ಕಾಗದ ಇದ್ದೂ ಇಲ್ಲದಂತಾಗುತ್ತದೆ. ಗಾಲಿಂಗ್ಸ್ ಮಾಡಿದಂತೆ ಹಳೆಯ ಮದುವೆಯ, ಜಾತ್ರೆಯ ಫೋಟೊಗಳ ಹಿನ್ನೆಲೆಯಲ್ಲಿ ಕಾಣುವ ಅಂಗಡಿಗಳನ್ನು ಗುರುತಿಸಿ, ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೊ ತೆಗೆಯಬಹುದು. ಇಂದು ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ.

ಎಲ್ಲಕ್ಕಿಂತ ಮೊದಲು ಪಾಯೆಸ್ ಮಾಡಿದ್ದನ್ನು ಮಾಡಬೇಕು: ಕಂಡದ್ದನ್ನು ಕಂಡಂತೆ ಬರೆಯಬೇಕು. ವಜ್ರದ ಜೊತೆಗೆ ಸೌದೆಯನ್ನೂ ರಾಜನ ಬಿಡಾರದ ಜೊತೆಗೆ ಯಾತ್ರಿಕರ ಬಿಡಾರವನ್ನೂ ಅವನು ಬಿಡದೆ ಬರೆದದ್ದರಿಂದಲೇ ಆ ಬೀದಿಯ ಬದುಕು ನಮಗೆ ಸಿಕ್ಕಿತು. ಈ ಅಂಗಡಿಯಲ್ಲಿ ಮೊದಲು ಏನಿತ್ತು, ಅದಕ್ಕೂ ಮೊದಲು ಏನಿತ್ತು, ಮೇಲಿನ ಕೋಣೆಯಲ್ಲಿ ಯಾರು ಇಳಿದುಕೊಳ್ಳುತ್ತಿದ್ದರು, ಸಂತೆಯ ದಿನ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು ಎಂಬ ನಾಲ್ಕು ಪ್ರಶ್ನೆಗಳನ್ನು ಅಂಗಡಿಯ ಹಿರಿಯರಿಗೆ ಕೇಳಿ, ಉತ್ತರವನ್ನು ದಿನಾಂಕದೊಡನೆ ಬರೆದಿಡಲು ಯಾರ ಅನುಮತಿಯೂ ಬೇಡ. ಹಂಪೆಯಲ್ಲಿ ಇನ್ನೂರು ವರ್ಷ ಹಿಡಿದ ಕೆಲಸ ನಮ್ಮ ಊರಿನಲ್ಲಿ ಒಂದು ಬೇಸಿಗೆ ರಜೆಯಲ್ಲಿ ಮುಗಿಯುತ್ತದೆ, ಏಕೆಂದರೆ ಉತ್ತರ ಹೇಳುವವರು ಇನ್ನೂ ಅಂಗಡಿಯಲ್ಲೇ ಕೂತಿದ್ದಾರೆ.